ಜಳಕದ ನೀರು ಮತ್ತು ಚಳಿಗಾಲದ ತುರಿಕೆ

ದೀಪಾವಳಿಯ ನೀರು ತುಂಬುವ ಹಬ್ಬ ಮುಗಿದು ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಚಿಕಿತ್ಸಾಲಯದಲ್ಲಿ ಒಂದೇ ಬಗೆಯ ದೂರು ಕೇಳಿಬರತೊಡಗುತ್ತದೆ. ಮೊಣಕಾಲಿನಿಂದ ಕೆಳಗೆ, ಮುಖ್ಯವಾಗಿ ಕಣಕಾಲಿನ ಮುಂಭಾಗದಲ್ಲಿ ತುರಿಕೆ. ರಾತ್ರಿ ಹಾಸಿಗೆ ಸೇರಿದ ಮೇಲೆ ಇನ್ನೂ ಹೆಚ್ಚು. ಚರ್ಮವನ್ನು ನೋಡಿದರೆ ಬೇಸಿಗೆಯಲ್ಲಿ ಬಿರಿದ ಎರೆಹೊಲದ ಹಾಗೆ ಸಣ್ಣ ಸಣ್ಣ ಬಿರುಕುಗಳು, ಮೇಲೆ ಬಿಳಿಯ ಹೊಟ್ಟು. ಇಂಡಿಯಿಂದ ಬರಲಿ, ಸಿಂದಗಿಯಿಂದ ಬರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬರಲಿ, ಎಲ್ಲರೂ ಹೇಳುವ ಮಾತು ಒಂದೇ: "ದಿನಕ್ಕೆ ಎರಡು ಸಲ ಬಿಸಿನೀರಿನ ಜಳಕ ಮಾಡುತ್ತೇವೆ, ಸಾಬೂನು ಹಚ್ಚಿ ತಿಕ್ಕಿ ತೊಳೆಯುತ್ತೇವೆ, ಆದರೂ ತುರಿಕೆ ಹೋಗುವುದಿಲ್ಲ." ಈ ಮಾತಿನಲ್ಲಿರುವ 'ಆದರೂ' ಎಂಬುದನ್ನು ತೆಗೆದು 'ಆದ್ದರಿಂದಲೇ' ಎಂದು ಹಾಕಿದರೆ ರೋಗದ ಕಾರಣ ಅಲ್ಲಿಯೇ ತಿಳಿಯುತ್ತದೆ.

ಸದ್ಭಕ್ತರಿಗೆ ಪಾಠ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ವೃತ್ತಿ ಆರಂಭಿಸಿದ ಹೊಸದರಲ್ಲಿ, ಡಿಸೆಂಬರ್ ತಿಂಗಳ ಒಂದು ದಿನ, ಸಿಂದಗಿ ಭಾಗದ ಎಪ್ಪತ್ತು ದಾಟಿದ ತಾಯಿಯೊಬ್ಬರು ಕಾಲಿನ ತುರಿಕೆಗೆಂದು ಬಂದರು. ತುರಿಕೆಯೆಂದರೆ ಕಫ, ತುರಿಕೆಯೆಂದರೆ ಕ್ರಿಮಿ ಎಂದು ಓದಿಕೊಂಡಿದ್ದ ಗುಂಗಿನಲ್ಲಿ ನಾವು, ಬೇವಿನ ಎಲೆ ಕುದಿಸಿದ ಬಿಸಿನೀರಿನಿಂದ ದಿನಕ್ಕೆರಡು ಬಾರಿ ಕಾಲು ತೊಳೆದು ಚೆನ್ನಾಗಿ ಉಜ್ಜಿಕೊಳ್ಳುವಂತೆ ಹೇಳಿ ಕಳುಹಿಸಿದೆವು. ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಎರಡು ವಾರಗಳ ನಂತರ ಮಗ ಅವರನ್ನು ಎತ್ತಿಕೊಂಡು ಬಂದ. ಎರಡೂ ಕಣಕಾಲುಗಳ ಚರ್ಮ ಸುಲಿದು ನೀರು ಜಿನುಗುತ್ತಿತ್ತು. ಒಂದು ಕಾಲು ಕೆಂಪಗೆ ಊದಿ ಕೀವಾಗಿತ್ತು, ಮೈತುಂಬ ಜ್ವರ. ನಮ್ಮ ಕೈಮೀರಿದ್ದರಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಹದಿನೆಂಟು ದಿನ ಅಲ್ಲಿದ್ದು ಕಾಲು ಉಳಿಸಿಕೊಂಡು ಬಂದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. "ನಾನೇ ನೀರಿನ ಬಿಸಿ ಹೆಚ್ಚು ಮಾಡಿಕೊಂಡೆನೋ ಏನೋ" ಎಂದರು. ಬಿಸಿ ಹೆಚ್ಚಾಗಿದ್ದಿರಬಹುದು; ಆದರೆ ಅದಕ್ಕಿಂತ ಮೊದಲು ನಮ್ಮ ನಿರ್ಣಯವೇ ತಪ್ಪಾಗಿತ್ತು. ಅದು ವಾತದ ತುರಿಕೆ, ರೂಕ್ಷತೆಯಿಂದ ಹುಟ್ಟಿದ ತುರಿಕೆ. ಬೇವು ಕಹಿ, ಕಹಿ ರಸವು ಸ್ವಭಾವದಿಂದಲೇ ರೂಕ್ಷ. ಒಣಗಿದ ಚರ್ಮವನ್ನು ನಾವು ಮತ್ತಷ್ಟು ಒಣಗಿಸಿದ್ದೆವು.

ಸ್ಪರ್ಶೇಂದ್ರಿಯವಾದ ಚರ್ಮದಲ್ಲಿ ವಾಯುವೇ ಪ್ರಧಾನವೆಂದೂ, ಆದ್ದರಿಂದ ಚರ್ಮಕ್ಕೆ ಎಣ್ಣೆ ಹಚ್ಚುವುದಕ್ಕಿಂತ ಹಿತವಾದುದು ಬೇರೆಯಿಲ್ಲವೆಂದೂ ಚರಕಾಚಾರ್ಯರು ಹೇಳಿದ್ದಾರೆ. ಎಣ್ಣೆಯಿಂದ ಬಂಡಿಯ ಅಚ್ಚು ಹೇಗೆ ಗಟ್ಟಿಮುಟ್ಟಾಗಿ ಉಳಿಯುತ್ತದೆಯೋ ಹಾಗೆ ದೇಹವೂ ಉಳಿಯುತ್ತದೆ ಎಂಬುದು ಅವರು ಕೊಡುವ ಹೋಲಿಕೆ. ಬಂಡಿಗೆ ಕೀಲೆಣ್ಣೆ ಹಾಕಿ ಬೆಳೆದ ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಧುನಿಕ ವೈದ್ಯಶಾಸ್ತ್ರ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಚರ್ಮದ ಅತ್ಯಂತ ಮೇಲಿನ ಪದರವು ನಮ್ಮ ಹಳೆಯ ಮನೆಗಳ ಕಲ್ಲುಮಣ್ಣಿನ ಗೋಡೆಯಿದ್ದಂತೆ. ಒಣಗಿದ ಜೀವಕೋಶಗಳು ಕಲ್ಲುಗಳಾದರೆ, ಅವುಗಳ ನಡುವೆ ತುಂಬಿರುವ ಜಿಡ್ಡು ಮಣ್ಣು. ಆ ಜಿಡ್ಡು ಇರುವತನಕ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಧೂಳು, ಖಾರ, ರೋಗಾಣು ಒಳಗೆ ಬರುವುದಿಲ್ಲ. ಬಿಸಿನೀರು ಜಿಡ್ಡನ್ನು ಕರಗಿಸುತ್ತದೆ, ಸಾಬೂನು ಕರಗಿದ್ದನ್ನು ಹೊತ್ತೊಯ್ಯುತ್ತದೆ, ತಿಕ್ಕುವ ಕಲ್ಲು ಉಳಿದದ್ದನ್ನು ಕೆರೆದು ಹಾಕುತ್ತದೆ. ಅರವತ್ತು ದಾಟಿದವರಲ್ಲಿ ಜಿಡ್ಡು ಉತ್ಪತ್ತಿಯಾಗುವುದೇ ಕಡಿಮೆ. ಕಣಕಾಲಿನಲ್ಲಿ ಜಿಡ್ಡಿನ ಗ್ರಂಥಿಗಳು ಹುಟ್ಟಿನಿಂದಲೇ ವಿರಳ. ಆದ್ದರಿಂದಲೇ ಬಿರುಕು ಅಲ್ಲಿಂದ ಆರಂಭವಾಗುತ್ತದೆ.

ಈ ಮಾತು ಎಲ್ಲ ಊರಿನವರಿಗೂ ಅನ್ವಯಿಸುವಂಥದ್ದು. ನಮ್ಮ ನಾಲ್ಕು ತಾಲೂಕುಗಳಿಗೆ ವಿಶೇಷವಾದುದು ನೀರು. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ ಹರಿಯುತ್ತಿದ್ದರೂ ಹಳ್ಳಿಯ ಬಚ್ಚಲಿಗೆ ಬರುವುದು ಬಹುಮಟ್ಟಿಗೆ ಕೊಳವೆಬಾವಿಯ ನೀರೇ. ಡೋಣಿ ನದಿ ಹರಿದರೆ ಓಣಿಗಳಲ್ಲೆಲ್ಲ ಜೋಳ ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಆ ಕಣಿವೆಯ ಮಣ್ಣು ಜೋಳಕ್ಕೆ ಎಷ್ಟು ಒಳ್ಳೆಯದೋ ಅದರ ಸವಳು ನೀರು ಮೈಗೆ ಅಷ್ಟೇ ಕೆಟ್ಟದ್ದು. ಮುದ್ದೇಬಿಹಾಳ, ತಾಳಿಕೋಟಿಯ ಕಡೆ ನೆಲದೊಳಗೆ ಸುಣ್ಣದ ಕಲ್ಲೇ ಇದೆ. ಇಂಥ ನೆಲದಲ್ಲಿ ಇಳಿದು ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಲವಣಗಳು ಹೆಚ್ಚಾಗಿರುತ್ತವೆ. ಇದಕ್ಕೆ ಗಡಸು ನೀರು ಎನ್ನುತ್ತಾರೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರು ಸಿಗದಿದ್ದಲ್ಲಿ 600 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳಿದೆ. ನಿಮ್ಮ ಮನೆಯ ನೀರು ಎಂಥದ್ದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕೆಂದಿಲ್ಲ. ತೊಗರಿಬೇಳೆ ಬೇಗ ಬೇಯದಿದ್ದರೆ, ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟಿದರೆ, ನಲ್ಲಿಯ ಬಾಯಿಗೆ ಸುಣ್ಣ ಹಚ್ಚಿದಂತೆ ಆಗಿದ್ದರೆ ನೀರು ಗಡಸೆಂದೇ ತಿಳಿಯಿರಿ. ಒಂದು ಬಾಟಲಿಯಲ್ಲಿ ಮಳೆನೀರು, ಇನ್ನೊಂದರಲ್ಲಿ ಮನೆಯ ನೀರು ಹಾಕಿ, ಎರಡಕ್ಕೂ ಒಂದೇ ಅಳತೆಯ ಸಾಬೂನಿನ ಚೂರು ಹಾಕಿ ಅಲುಗಾಡಿಸಿ ನೋಡಿ. ಮಳೆನೀರಿನಲ್ಲಿ ನೊರೆ ಏಳುತ್ತದೆ. ಗಡಸು ನೀರಿನಲ್ಲಿ ಮಜ್ಜಿಗೆ ಒಡೆದಂತೆ ಬಿಳಿಯ ಗಷ್ಟು ತೇಲುತ್ತದೆ.

ಆ ಗಷ್ಟೇ ಮುಖ್ಯವಾದ ತೊಂದರೆ. ಸಾಬೂನಿನ ಜಿಡ್ಡಿನ ಆಮ್ಲಗಳು ಗಡಸು ನೀರಿನ ಲವಣಗಳೊಂದಿಗೆ ಕೂಡಿ ನೀರಿನಲ್ಲಿ ಕರಗದ ಪದಾರ್ಥವಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟಿಕೊಳ್ಳುವ ಈ ಪದಾರ್ಥವೇ ನಮ್ಮ ಮೈಗೂ ಅಂಟಿಕೊಳ್ಳುತ್ತದೆ. ನಾಲ್ಕು ತಂಬಿಗೆ ಸುರಿದುಕೊಂಡರೂ ಹೋಗುವುದಿಲ್ಲ. ನೊರೆ ಬರಲಿಲ್ಲವೆಂದು ಜನರು ಇನ್ನಷ್ಟು ಸಾಬೂನು ಹಚ್ಚುತ್ತಾರೆ. ಗಷ್ಟು ಇನ್ನಷ್ಟು ಹೆಚ್ಚುತ್ತದೆ. ಆರೋಗ್ಯವಂತ ಚರ್ಮದ ಗುಣ ತುಸು ಆಮ್ಲ, ಸಾಬೂನಿನದು ಕ್ಷಾರ. ಆ ಕ್ಷಾರದ ಶೇಷ ಮೈಮೇಲೆ ದಿನವಿಡೀ ಕುಳಿತರೆ ಚರ್ಮ ಉರಿಯುವುದು, ತುರಿಸುವುದು ಸಹಜ. ಕುದಿಸಿದರೆ ನೀರು ಮೃದುವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಡಸುತನದ ಒಂದು ಭಾಗ ಮಾತ್ರ ಕುದಿತಕ್ಕೆ ಹಂಡೆಯ ತಳ ಸೇರುತ್ತದೆ. ಉಳಿದದ್ದು ನೀರಿನಲ್ಲಿಯೇ ಇರುತ್ತದೆ.

ಹಾಗಾದರೆ ಮಾಡಬೇಕಾದುದೇನು? ನೀರನ್ನು ಬದಲಾಯಿಸಲು ಎಲ್ಲರಿಗೂ ಸಾಧ್ಯವಿಲ್ಲ. ಸಾಬೂನನ್ನು ಬದಲಾಯಿಸಬಹುದು, ಅದಕ್ಕಿಂತ ಮೊದಲು ಸಾಬೂನನ್ನು ಕಡಿಮೆ ಮಾಡಬಹುದು. ಚಳಿಗಾಲದಲ್ಲಿ ಕಂಕುಳು, ತೊಡೆಯ ಸಂದು, ಪಾದ, ಕೈ, ಇಷ್ಟಕ್ಕೆ ಮಾತ್ರ ಸಾಬೂನು ಸಾಕು. ಹೊಲದ ಕೆಲಸವಿಲ್ಲದ ದಿನ ಬೆನ್ನು, ತೋಳು, ಕಣಕಾಲುಗಳಿಗೆ ನೀರೊಂದೇ ಸಾಕು. ಬಟ್ಟೆ ಒಗೆಯುವ ಸಾಬೂನಿನಿಂದಲೇ ಮೈ ತೊಳೆದುಕೊಳ್ಳುವ ಹಿರಿಯರು ಈಗಲೂ ಇದ್ದಾರೆ. "ಅದರ ಕಸುವೇ ಬೇರೆ" ಎನ್ನುತ್ತಾರೆ. ಆ ಕಸುವು ಚರ್ಮವನ್ನೇ ಒಗೆಯುವ ಕಸುವು. ಮೈಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದಿರುತ್ತದೆ. ಅದು 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆಯ ಸಾಬೂನು. ಬಣ್ಣ, ಪರಿಮಳ, ಜಾಹೀರಾತುಗಳನ್ನು ಬಿಟ್ಟು ಆ ಅಂಕಿಯನ್ನು ನೋಡಿ ಕೊಳ್ಳಿರಿ. ಆದರೂ ಎಷ್ಟೇ ಒಳ್ಳೆಯ ಸಾಬೂನು ಗಡಸು ನೀರಿನಲ್ಲಿ ಗಷ್ಟು ಕಟ್ಟಿಯೇ ತೀರುತ್ತದೆ. ಗಷ್ಟು ಕಟ್ಟದ ವಸ್ತುಗಳು ನಮ್ಮ ಅಡುಗೆಮನೆಯಲ್ಲಿಯೇ ಇವೆ: ಹೆಸರಿನ ಹಿಟ್ಟು ಮತ್ತು ಕಡಲೆ ಹಿಟ್ಟು. ತಲೆಗೆ ಸೀಗೆಕಾಯಿ, ಅಂಟುವಾಳ. ಸೀಗೆಕಾಯಿಯ ನೊರೆ ಬೇರೆ ಜಾತಿಯದು, ಸವಳು ನೀರಿನಲ್ಲಿಯೂ ಒಡೆಯುವುದಿಲ್ಲ. ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ, ತಮ್ಮ ಬಾವಿಯ ನೀರು ತಿಳಿದಿತ್ತು.

ಮನೆಯ ಮಾಳಿಗೆಯ ಮಳೆನೀರನ್ನು ಹಿಡಿದಿಡುವವರು, ಅಥವಾ ನದಿಯ ನೀರು ನಲ್ಲಿಗೆ ಬರುವ ಊರಿನವರು, ಆ ನೀರನ್ನು ಜಳಕದ ಕೊನೆಯ ಎರಡು ತಂಬಿಗೆಗೆ ಉಪಯೋಗಿಸಬೇಕು. ಮೊದಲ ನೀರು ಯಾವುದಾದರೂ ಇರಲಿ, ಮೈಮೇಲೆ ಉಳಿಯುವುದು ಕೊನೆಯ ನೀರು. ಇಸಬಿನಿಂದ ತೀವ್ರವಾಗಿ ಬಳಲುವವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿನಲ್ಲಿ ಎರಡು ಲೀಟರನ್ನು ಇದಕ್ಕಾಗಿ ಎತ್ತಿಟ್ಟುಕೊಂಡರೂ ಅದು ದುಂದುಗಾರಿಕೆಯಲ್ಲ.

ಬಿಸಿಯ ವಿಚಾರ. ಕೆಳಮೈಗೆ ಬಿಸಿನೀರು ಬಲಕಾರಿ, ಅದೇ ನೀರು ತಲೆಗೆ ಬಿದ್ದರೆ ಕೂದಲು ಮತ್ತು ಕಣ್ಣುಗಳ ಬಲವನ್ನು ಕುಂದಿಸುತ್ತದೆ ಎಂದು ವಾಗ್ಭಟರು ದಿನಚರ್ಯೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಇದನ್ನು ಓದಿ, ಕೆಳಮೈಗೆ ಎಷ್ಟು ಬಿಸಿಯಾದರೂ ಆದೀತು ಎಂದು ಅರ್ಥಮಾಡಿಕೊಳ್ಳಬಾರದು. ಇಲ್ಲಿ ಬಿಸಿಯೆಂದರೆ ಸುಖವೆನಿಸುವ ಬಿಸಿ ಎಂಬುದು ನಮ್ಮ ಅಭಿಪ್ರಾಯ. ಮೊಣಕೈ ಅದ್ದಿದರೆ ಬೆಚ್ಚಗಿರಬೇಕು, ಚುರ್ರೆನ್ನಬಾರದು. ಜಳಕದ ನಂತರ ಚರ್ಮ ಕೆಂಪಾದರೆ ನೀರು ಬಿಸಿಯಾಗಿತ್ತೆಂದೇ ಅರ್ಥ. ಸಮಯವೂ ಐದರಿಂದ ಹತ್ತು ನಿಮಿಷ ಸಾಕು. ತಿಕ್ಕುವ ಕಲ್ಲು ಹಿಮ್ಮಡಿಗೆ ಮೀಸಲಾಗಿರಲಿ. ಇನ್ನು ತುರಿಕೆಗೆ ಬಿಸಿನೀರು ಸುರಿದುಕೊಂಡರೆ ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಅದೇ ಮೋಸ. ಅರ್ಧ ತಾಸಿನಲ್ಲಿ ತುರಿಕೆ ಇಮ್ಮಡಿಯಾಗಿ ಮರಳುತ್ತದೆ. ಬಿಸಿಯ ಬದಲು ಒದ್ದೆ ಬಟ್ಟೆಯನ್ನು ಆ ಜಾಗದ ಮೇಲೆ ಹಾಕಿಕೊಂಡು ನೋಡಿರಿ.

ಎಲ್ಲಕ್ಕಿಂತ ಮುಖ್ಯವಾದುದು ಎಣ್ಣೆ. ಸಂಕ್ರಾಂತಿಯಂದು ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಜಳಕ ಮಾಡುವ ಪದ್ಧತಿ ನಮ್ಮಲ್ಲಿದೆ. ವರ್ಷದಲ್ಲಿ ಮೈ ಬಹಳ ಒಣಗುವ ಕಾಲಕ್ಕೆ ಸರಿಯಾಗಿ ಈ ಹಬ್ಬ ಬರುತ್ತದೆ. ಹಿರಿಯರು ದಾರಿ ತೋರಿಸಿದರು, ನಾವು ಅದನ್ನು ಒಂದು ದಿನದ ಶಾಸ್ತ್ರವಾಗಿಸಿಕೊಂಡೆವು. ಕಾರ್ತಿಕದಿಂದ ಶಿವರಾತ್ರಿಯವರೆಗೆ ವಾರಕ್ಕೆ ಎರಡು ದಿನವಾದರೂ ಜಳಕಕ್ಕೆ ಅರ್ಧ ತಾಸು ಮೊದಲು ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಮೈಗೆ ಹಚ್ಚಿಕೊಂಡು, ಹೆಚ್ಚಾದ ಜಿಡ್ಡನ್ನು ಹೆಸರಿನ ಹಿಟ್ಟಿನಿಂದ ತೆಗೆಯಬೇಕು. ಉಳಿದ ದಿನಗಳಲ್ಲಿ ಜಳಕದ ನಂತರ ಮೈಯನ್ನು ವಸ್ತ್ರದಿಂದ ಒತ್ತಿ ಒರೆಸಿ, ಪಸೆ ಪೂರ್ಣ ಆರುವ ಮೊದಲೇ, ಅಂದರೆ ಮೂರು ನಾಲ್ಕು ನಿಮಿಷದೊಳಗೆ, ಕೈಕಾಲುಗಳಿಗೆ ಐದಾರು ಹನಿ ಎಣ್ಣೆ ಸವರಬೇಕು. ಪಸೆ ಆರಿದ ಮೇಲೆ ಹಚ್ಚಿದ ಎಣ್ಣೆ ಬರಿದಾದ ಕೊಡಕ್ಕೆ ಮುಚ್ಚಳ ಹಾಕಿದಂತೆ. ಒಳಗೆ ಹಿಡಿದಿಡಲು ನೀರೇ ಇರುವುದಿಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಪೂಜೆಗೆ ಕುಳಿತುಕೊಳ್ಳಬಹುದೇ ಎಂದು ಅನೇಕರು ಕೇಳಿದ್ದಾರೆ. ಪೂಜೆಯ ವಿಧಿಯನ್ನು ಪೂಜ್ಯರಲ್ಲಿಯೇ ಕೇಳಬೇಕು. ವೈದ್ಯರಾಗಿ ನಾವು ಹೇಳಬಹುದಾದುದಿಷ್ಟೇ: ಕಣಕಾಲಿಗೆ ಸವರಿದ ಐದು ಹನಿ ಕೆಲವೇ ನಿಮಿಷದಲ್ಲಿ ಇಂಗಿಹೋಗುತ್ತದೆ, ಕೈಯನ್ನು ತೊಳೆದುಕೊಂಡರಾಯಿತು.

ಯಾವ ಎಣ್ಣೆ ಎಂಬುದು ನಮ್ಮ ಭಾಗದಲ್ಲಿ ಸ್ವಲ್ಪ ಕಠಿಣವಾದ ಪ್ರಶ್ನೆ. ನಮ್ಮದು ಕುಸುಬೆಯ ಸೀಮೆ. ಗಾಣದ ಕುಸುಬಿ ಎಣ್ಣೆ ಮನೆಮನೆಯಲ್ಲಿರುತ್ತಿತ್ತು. ಚರಕಸಂಹಿತೆಯಾದರೋ ಸಸ್ಯಜನ್ಯ ಎಣ್ಣೆಗಳಲ್ಲಿ ಎಳ್ಳೆಣ್ಣೆಯನ್ನು ಅತ್ಯುತ್ತಮವೆಂದೂ ಕುಸುಬಿ ಎಣ್ಣೆಯನ್ನು ಅತ್ಯಂತ ಅಹಿತವೆಂದೂ ಎಣಿಸುತ್ತದೆ. ಆದರೆ ಚರ್ಮದ ಜಿಡ್ಡಿನ ಗೋಡೆಗೆ ಅತ್ಯಗತ್ಯವಾದ ಲಿನೋಲಿಕ್ ಆಮ್ಲ ಕುಸುಬಿ ಎಣ್ಣೆಯಲ್ಲಿ ಹೇರಳವಾಗಿದೆಯೆಂದು ಇಂದಿನ ವಿಜ್ಞಾನ ಹೇಳುತ್ತದೆ. ನಾವು ಎರಡನ್ನೂ ಗೌರವಿಸುತ್ತೇವೆ. ಎಳ್ಳೆಣ್ಣೆ ಸಿಗುವವರು ಅದನ್ನೇ ಬಳಸಲಿ. ಮನೆಯಲ್ಲಿ ಗಾಣದ ಕುಸುಬಿ ಎಣ್ಣೆ ಮಾತ್ರ ಇದ್ದು, ಚರ್ಮದಲ್ಲಿ ಉರಿ, ಕೆಂಪು ಇಲ್ಲದಿದ್ದರೆ ಅದನ್ನು ಹಚ್ಚಿಕೊಳ್ಳುವುದನ್ನು ನಾವು ತಡೆದಿಲ್ಲ, ಕೆಡುಕಾದುದನ್ನೂ ಕಂಡಿಲ್ಲ. ಕೊಬ್ಬರಿ ಎಣ್ಣೆಯೂ ಆದೀತು. ಒಂದೇ ಎಚ್ಚರಿಕೆ: ಎಣ್ಣೆಯ ಪಾದ, ಒದ್ದೆಯಾದ ಶಹಾಬಾದಿ ಫರಸಿ, ಎಪ್ಪತ್ತು ವರ್ಷದ ದೇಹ, ಈ ಮೂರೂ ಕೂಡಿದರೆ ತೊಡೆಯ ಮೂಳೆ ಮುರಿಯುತ್ತದೆ. ಹಿರಿಯರಿಗೆ ಅಂಗಾಲಿನ ಎಣ್ಣೆಯನ್ನು ಮಲಗುವಾಗ ಹಾಸಿಗೆಯ ಮೇಲೆಯೇ ಹಚ್ಚಬೇಕು. ಬಚ್ಚಲಲ್ಲಿ ಒಂದು ಮಣೆ ಅಥವಾ ಸ್ಟೂಲ್ ಇಡಬೇಕು.

ಕೊರಳಿನ ಬಗ್ಗೆ ಶ್ರೀಮಠದ ಸದ್ಭಕ್ತರಿಗೆ ವಿಶೇಷವಾಗಿ ಒಂದು ಮಾತು. ಶಿವದಾರ ಜಳಕದಲ್ಲಿ ತೊಯ್ದು, ಅದರ ಎಳೆಗಳಲ್ಲಿ ಸಾಬೂನಿನ ಗಷ್ಟು ಮತ್ತು ಬೆವರಿನ ಉಪ್ಪು ಸೇರಿಕೊಂಡಿರುತ್ತದೆ. ಹಿಂಗೊರಳಿನಲ್ಲಿ ದಾರದ ಗುಂಟ ಕಪ್ಪು ಗೆರೆ, ತುರಿಕೆ ಇರುವವರು ಹಲವರು. ದಾರವನ್ನು ಮೃದು ನೀರಿನಲ್ಲಿ ಹಿಂಡಿ ಒಣಗಿಸಬೇಕು, ಅಥವಾ ಆಗಾಗ ಬದಲಾಯಿಸಬೇಕು. ಎದೆಯ ಮೇಲೆ ಕರಡಿಗೆ ತಾಗುವ ಜಾಗದಲ್ಲಿಯೇ ದುಂಡಾಗಿ ಕೆರೆತವಾದರೆ ಕರಡಿಗೆಯ ಲೋಹವನ್ನು ಶಂಕಿಸಬೇಕು. ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ಸತುವಿನೊಂದಿಗೆ ನಿಕ್ಕಲ್ ಇರುತ್ತದೆ. ಆ ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕರಡಿಗೆಗೆ ಬಟ್ಟೆಯ ಚೀಲ ಹೊಲಿಸಿದರೆ, ಅಥವಾ ಶುದ್ಧ ಬೆಳ್ಳಿಯದನ್ನು ಧರಿಸಿದರೆ ಔಷಧವಿಲ್ಲದೆ ಗುಣವಾಗುತ್ತದೆ.

ಇಂಡಿ, ಸಿಂದಗಿಯ ಲಿಂಬೆ ಬೆಳೆಗಾರರಿಗೆ ಇನ್ನೊಂದು ಮಾತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಂಡಿಯ ಲಿಂಬೆಹಣ್ಣು ನಮ್ಮ ಹೆಮ್ಮೆ. ಆದರೆ ಜಳಕದಲ್ಲಿ ಅದನ್ನು ಮೈಗೆ ತಿಕ್ಕಿಕೊಂಡು ಬಿಸಿಲಿಗೆ ಹೋಗಬಾರದು. ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಒಂದು ಪದಾರ್ಥ ಸೂರ್ಯನ ಕಿರಣ ಬಿದ್ದೊಡನೆ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದಲ್ಲಿ ಕೆಂಪು, ಬೊಬ್ಬೆ. ನಂತರ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಮೈ ಬೆಳ್ಳಗಾಗಲೆಂದು ಲಿಂಬೆ ಹಚ್ಚಿ, ಕೊರಳ ಮೇಲೆ ರಸ ಹರಿದ ದಾರಿಯಂತೆಯೇ ಕಪ್ಪು ಗೆರೆ ಮೂಡಿಸಿಕೊಂಡ ಹೆಣ್ಣುಮಕ್ಕಳನ್ನು ಕಂಡಿದ್ದೇವೆ. ಹಣ್ಣು ಬಿಡಿಸುವ ಕೂಲಿಯವರು ಕೈಗಳನ್ನು ಬಿಸಿಲಿನಲ್ಲಿಯೇ ಒರೆಸಿಕೊಂಡು ಬಿಡದೆ, ಆಗಾಗ ನೀರಿನಿಂದ ತೊಳೆಯುತ್ತಿರಬೇಕು.

ಇಷ್ಟು ಹೊತ್ತು ಸಾಬೂನು ಕಡಿಮೆ ಮಾಡಿರೆಂದು ಹೇಳಿದ್ದು ಒಂದು ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ದ್ರಾಕ್ಷಿ, ಹತ್ತಿ, ತೊಗರಿಗೆ ಕೀಟನಾಶಕ ಸಿಂಪಡಿಸಿದ ದಿನ ಸಂಜೆಯವರೆಗೆ ಕಾಯದೆ, ಹೊಲದಿಂದ ಬಂದ ಕೂಡಲೇ, ಹೇರಳ ನೀರು ಮತ್ತು ಸಾಬೂನಿನಿಂದ ತಲೆಯಿಂದ ಕಾಲಿನವರೆಗೆ ಜಳಕ ಮಾಡಬೇಕು. ನೀರು ತಣ್ಣಗೆ ಅಥವಾ ಉಗುರುಬೆಚ್ಚಗಿರಲಿ. ಬಿಸಿನೀರು ಮತ್ತು ಕಲ್ಲಿನ ತಿಕ್ಕಾಟ ವಿಷ ಮೈಯೊಳಗೆ ಇಳಿಯಲು ದಾರಿ ಮಾಡಿಕೊಡುತ್ತವೆ. ಅಂದು ಜಳಕಕ್ಕೆ ಮೊದಲು ಎಣ್ಣೆ ಹಚ್ಚಲೇಬಾರದು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಗಳ ಜೊತೆಗೆ ನೆನೆಹಾಕಬಾರದು.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಅನೇಕರಿಗೆ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕುದಿಯುವ ನೀರು ಸುರಿದರೂ ತಿಳಿಯುವುದಿಲ್ಲ. ಅವರ ನೀರನ್ನು ಮನೆಯ ಇನ್ನೊಬ್ಬರು ಮುಟ್ಟಿ ನೋಡಬೇಕು. ಕಾಲ್ಬೆರಳುಗಳ ನಡುವೆ ಪಸೆ ಉಳಿಯದಂತೆ ಒರೆಸಬೇಕು. ಪಾದಕ್ಕೆ ಎಣ್ಣೆ ಹಚ್ಚಿದರೂ ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ಬೂಷ್ಟು ಬೆಳೆಯುತ್ತದೆ. ಹಸುಗೂಸುಗಳಿಗೂ ಇದೇ ಎಚ್ಚರ. ಹುಟ್ಟಿದ ಮಗುವಿಗೆ ಮೊದಲ ಜಳಕವನ್ನು 24 ತಾಸು ಕಳೆದ ಮೇಲೆ ಮಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರೆಯಲು ಬರುವ ಅನುಭವಿ ತಾಯಂದಿರ ಕೈಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಅವರ ಅಂಗೈ ವರ್ಷಗಟ್ಟಲೆ ಬಿಸಿನೀರಿಗೆ ಮರಗಟ್ಟಿರುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತೇವೆ. ಮಗುವಿನ ನೀರನ್ನು ಹೆತ್ತ ತಾಯಿಯೇ ಮೊಣಕೈ ಅದ್ದಿ ನೋಡಲಿ.

ಎಲ್ಲ ತುರಿಕೆಯೂ ಒಣ ಚರ್ಮದ್ದಲ್ಲ. ಮನೆಯಲ್ಲಿ ಮೂರು ನಾಲ್ಕು ಜನರಿಗೆ ಒಟ್ಟಿಗೇ ರಾತ್ರಿ ತುರಿಕೆ, ಬೆರಳ ಸಂದಿಗಳಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ. ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ತೊಡೆಯ ಸಂದಿಯಲ್ಲಿ ಉಂಗುರದಂತೆ ಹಬ್ಬುವುದು ಗಜಕರ್ಣ. ಅದಕ್ಕೆ ಎಣ್ಣೆ ಬೇಡ, ಒಬ್ಬರ ಟಾವೆಲನ್ನು ಇನ್ನೊಬ್ಬರು ಬಳಸುವುದೂ ಬೇಡ. ಔಷಧದ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಗುಣವಾದಂತೆ ತೋರಿ ಐದನೆಯ ದಿನ ಎರಡರಷ್ಟು ಹಬ್ಬುತ್ತದೆ. ಬಣ್ಣ ತಿಳಿಯಾದ, ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ಸಂಕೋಚಪಡದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಕುಷ್ಠರೋಗಕ್ಕೆ ಅಲ್ಲಿ ಉಚಿತ ಔಷಧವಿದೆ, ಪೂರ್ಣ ಗುಣವಾಗುತ್ತದೆ. ಇನ್ನು, ಚರ್ಮದ ಮೇಲೆ ಏನೂ ಕಾಣದೆ ಇಡೀ ಮೈ ತುರಿಸುವ ಹಿರಿಯರು ಎರಡು ವಾರ ಮೇಲೆ ಹೇಳಿದಂತೆ ಎಣ್ಣೆ ಹಚ್ಚಿಯೂ ಕಡಿಮೆಯಾಗದಿದ್ದರೆ ಸಕ್ಕರೆ, ಮೂತ್ರಪಿಂಡ, ಯಕೃತ್ತುಗಳ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಅದನ್ನು ಮುಂದಿನ ಅಮಾವಾಸ್ಯೆಗೆ ದೂಡುವುದು ಬೇಡ.